ರಾಯಭಾರಿಯ ಬಲಗಾಲು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ನಿಕೀಫೊರ್ ಲುಕಿಚ್‌ನ ಬಲಗಾಲು. ಪಾಪ, ಅದು ಮಾಡಿದ ತಪ್ಪಾದರೂ ಏನು? ಸಾರೋಟು ನಿಂತ ಕೂಡಲೇ ಬಾಗಿಲಿನಿಂದ ಹೊರಬಿದ್ದು, ಮೆಟ್ಟಿಲು ತಡಕಿ, ಇನ್ನೇನು ನೆಲ ಮುಟ್ಟುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ನಿಲುವಂಗಿ ಹಿಡಿದು ಜಗ್ಗಿದರು. ನಿಕೀಫೊರ್ ಲುಕಿಚ್ ಹಿಟ್ಟಿನ ಮೂಟೆಯ ಹಾಗೆ ಹಿಂದಕ್ಕುರುಳಿ ಸೀಟಿನ ಮೇಲೆ ಕುಕ್ಕರಿಸಿದ.

"ಏನ್ ಮಾಡ್ತಿದ್ದೀರಿ ಧಣೀ? ಯಾರ್ನ ಕೇಳಿ ಇಳೀತಿದ್ದೀರಿ?"

ಜಗ್ಗಿದವನು ಗುಮಾಸ್ತ ಸವ್ವಾ. ರಾಯಭಾರಿ ಆಡಿದ ಮಾತು, ಇಟ್ಟ ಹೆಜ್ಜೆ, ಸೀನಿದ ಸೀನು ಎಲ್ಲವನ್ನೂ ಬರೆದು ಮಾಸ್ಕೋದ ಕಚೇರಿಗೆ ಒಪ್ಪಿಸುವುದು ಅವನ ಕೆಲಸ. ತೆಳ್ಳಗಿನ ಮನುಷ್ಯ, ತೆಳ್ಳಗಿನ ಗಡ್ಡ. ನಿದ್ದೆಯಲ್ಲೂ ಒಂದು ಕಣ್ಣು ಅರೆತೆರೆದೇ ಇರುತ್ತಿತ್ತು.

"ಇಳೀದೆ ಇನ್ನೇನಯ್ಯಾ? ಊರು ಬಂತಲ್ಲ," ಎಂದ ನಿಕೀಫೊರ್ ಲುಕಿಚ್. ಆಮೇಲೆ ದನಿ ತಗ್ಗಿಸಿ, "ಅದೂ ಅಲ್ದೆ ನಂಗೆ ಒಂದಕ್ಕೆ ಅವಸರ. ಬೆಳಗ್ಗೆ ಆ ಹುಳಿ ಕ್ವಾಸ್ ಒಂದು ಹೂಜಿ ಪೂರ್ತಿ ಕುಡಿದುಬಿಟ್ಟೆ," ಎಂದ.

"ಎದುರುಗಡೆ ನೋಡಿ ಮೊದ್ಲು."

ಚೌಕದ ಆಚೆ ಬದಿಯಲ್ಲಿ ಇನ್ನೊಂದು ಸಾರೋಟು ಬಂದು ನಿಂತಿತ್ತು. ಅದರ ಬಾಗಿಲಲ್ಲಿ ಕೆಂಪು ಮುಖದ ದಢೂತಿ ಆಸಾಮಿ. ಕೊರಳಲ್ಲಿ ಚಿನ್ನದ ಸರಪಳಿ, ತೊಡೆಯ ಮೇಲೆ ಕಂಬಳಿ. ರಾಯಭಾರಿಯನ್ನು ಎದುರುಗೊಳ್ಳಲು ಬಂದ ಊರಿನ ಮೇಯರ್. ಟೋಪಿ ತೆಗೆದು ಬೀಸುತ್ತಿದ್ದ, ಬಾಯ್ತುಂಬ ನಗುತ್ತಿದ್ದ. ಆದರೆ ಇಳಿದಿರಲಿಲ್ಲ.

"ಮೊದ್ಲು ಅವನ ಕಾಲು ನೆಲಕ್ಕೆ ತಾಗ್ಬೇಕು, ಆಮೇಲೆ ನಿಮ್ದು," ಎಂದ ಸವ್ವಾ. "ನಿಮ್ಮದೇ ಮೊದ್ಲು ತಾಗಿತೋ, ನಮ್ಮ ದೊರೆ ಈ ಗಿಣ್ಣು ಮಾರೋರ ಮುಂದೆ ತಲೆ ಬಗ್ಗಿಸ್ದ ಹಾಗೆ. ಫ್ರೋಲ್ ಧಣಿಗಳ ಕತೆ ಮರೆತ್ರಾ?"

ಮರೆಯುವುದುಂಟೆ! ಫ್ರೋಲ್ ಅವನ ಚಿಕ್ಕಪ್ಪನ ಮಗ. ಹೋದ ಸಲ ರಾಯಭಾರಿಯಾಗಿ ಹೋದವನು ಯಾವುದೋ ಊರಿನಲ್ಲಿ ಎದುರಿನವನಿಗಿಂತ ಮೊದಲು ಕುದುರೆ ಇಳಿದುಬಿಟ್ಟ. ಕುದುರೆಗೆ ಕಣಜ ಕಚ್ಚಿತ್ತು ಎಂದು ಎಷ್ಟು ಹೇಳಿದರೂ ಮಾಸ್ಕೋದಲ್ಲಿ ಯಾರೂ ಕೇಳಲಿಲ್ಲ. ಕಚೇರಿಯ ಅಂಗಳದಲ್ಲಿ ಕೆಡವಿ ಕೋಲಿನಲ್ಲಿ ಬಾರಿಸಿದರು, ಹಳ್ಳಿ ಕಿತ್ತುಕೊಂಡರು. ಫ್ರೋಲ್ ಈಗಲೂ ನಿಂತುಕೊಂಡೇ ಊಟ ಮಾಡುತ್ತಾನೆ.

ನಿಕೀಫೊರ್ ಲುಕಿಚ್ ಬಲಗಾಲನ್ನು ಎಳೆದುಕೊಂಡು ಎಡಗಾಲಿನ ಹಿಂದೆ ಬಚ್ಚಿಟ್ಟ.

ಹಾಗೆ ನೋಡಿದರೆ ಈ ಉಸಾಬರಿ ಅವನಿಗೆ ಬೇಕಿರಲೇ ಇಲ್ಲ. ಕೋಸ್ತ್ರೋಮಾ ಕಡೆಯ ಸಣ್ಣ ಜಮೀನ್ದಾರ. ತನ್ನ ಹಳ್ಳಿ, ತನ್ನ ಸ್ನಾನದ ಹಬೆಮನೆ, ಹೆಂಡತಿ ಉಲ್ಯಾನಾ ಹಾಕುವ ಅಣಬೆ ಉಪ್ಪಿನಕಾಯಿ, ಇಷ್ಟರಲ್ಲೇ ಐವತ್ತು ವರ್ಷ ಸುಖವಾಗಿದ್ದವನು. ಅರಮನೆಯವರು ಅವನ ಉದ್ದ ಗಡ್ಡ, ದೊಡ್ಡ ಹೊಟ್ಟೆ ನೋಡಿ, ಪರದೇಶದವರಿಗೆ ನಮ್ಮ ನಾಡಿನ ತೂಕ ತೋರಿಸುವುದಕ್ಕೆ ಇವನೇ ಸರಿ ಎಂದು ಆರಿಸಿಬಿಟ್ಟರು. ದೊರೆಯ ಓಲೆಯನ್ನು ಜರ್ಮನ್ ಸೀಮೆಯ ಒಬ್ಬ ಡ್ಯೂಕನಿಗೆ ತಲುಪಿಸಬೇಕು. ಹೊರಡುವ ದಿನ ಉಲ್ಯಾನಾ ಚೆನ್ನಾಗಿ ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಅಲ್ಲಿ ಮನೆ ಮೇಲೆ ಮನೆ ಕಟ್ತಾರಂತೆ, ಅದೂ ಕಲ್ಲಲ್ಲಿ. ಕಣ್ತುಂಬ ನೋಡ್ಕೊಂಡು ಬನ್ನಿ. ಒಂದೂ ಬಿಡದೆ ನಂಗೆ ಹೇಳ್ಬೇಕು," ಎಂದಳು. ನಿಕೀಫೊರ್ ಲುಕಿಚ್ ಆಣೆ ಮಾಡಿದ. ನೋಡುವ ಆಸೆ ಅವನಿಗೆ ಅವಳಿಗಿಂತ ಹೆಚ್ಚಾಗಿಯೇ ಇತ್ತು. ಗಂಭೀರವಾಗಿರಬೇಕಾದ ಹುದ್ದೆಯಾದ್ದರಿಂದ ಯಾರಿಗೂ ಹೇಳಿಕೊಂಡಿರಲಿಲ್ಲ.

ಇಷ್ಟು ದಿನದ ದಾರಿಯಲ್ಲಿ ಕಂಡದ್ದು ಬರೀ ಕೆಸರು ಮತ್ತು ಛತ್ರ. ಹಗಲು ಪೂರ್ತಿ ತಂಗುವುದೆಂದು ಗೊತ್ತಾಗಿದ್ದ ಮೊದಲ ಪಟ್ಟಣ ಈ ವೈಲೆನ್‌ಬುರ್ಗ್. ನಾಳೆ ಸೂರ್ಯ ಹುಟ್ಟುವ ಮೊದಲೇ ಮತ್ತೆ ಪ್ರಯಾಣ. ನೋಡುವುದಿದ್ದರೆ ಇವತ್ತೇ ನೋಡಬೇಕು.

"ಬೊಗ್ದಾನ್, ಹೋಗಿ ಇಳೀರಿ ಅಂತ ಹೇಳಯ್ಯ ಅವರಿಗೆ," ಎಂದ ದುಭಾಷಿಗೆ.

ಬೊಗ್ದಾನ್ ಹುಟ್ಟಿನಿಂದ ಜರ್ಮನ್ ಸೀಮೆಯವನು; ಮಾಸ್ಕೋ ಸೇರಿ, ಗಡ್ಡ ಬಿಟ್ಟು, ಎಲೆಕೋಸಿನ ಸಾರಿಗೆ ಒಗ್ಗಿಹೋಗಿದ್ದ. ಚೌಕ ದಾಟಿ ಹೋಗಿ ಮೇಯರನ ಕಿವಿಯಲ್ಲಿ ಮಾತಾಡಿ ಬಂದ.

"ಅತಿಥಿಗಳು ದೊಡ್ಡೋರು, ದಯಮಾಡಿ ಅವರೇ ಮೊದ್ಲು ಇಳೀಲಿ ಅಂತಾರೆ."

"ಕೇಳಿದ್ರಾ!" ಸವ್ವಾನ ಕಣ್ಣು ಹೊಳೆಯಿತು. "ಬೆಣ್ಣೆ ಹಚ್ಚಿ ಬೀಳ್ಸೋ ಉಪಾಯ. ಹೋಗಿ ಹೇಳು, ಮನೆ ಯಜಮಾನ ಬಾಗಿಲಿಗೆ ಬರೋದು ಕ್ರಮ ಅಂತ."

ಬೊಗ್ದಾನ್ ಮತ್ತೆ ಹೋದ, ಮತ್ತೆ ಬಂದ. "ಮುಖ ಕೆಂಪಗಾಯ್ತು ಧಣಿ. ಸ್ವಲ್ಪ ಕೂತಿರಿ, ಈಗ ಬಂದೆ ಅಂದ್ರು."

ಎಲ್ಲರೂ ಕಾದರು. ಮೇಯರ್ ಬರಲಿಲ್ಲ. ಹಣೆಯ ಬೆವರೊರೆಸಿಕೊಂಡು, ಕಂಬಳಿ ಸರಿಮಾಡಿಕೊಂಡು, ಇದ್ದಲ್ಲೇ ನಗುತ್ತ ಕೂತ.

ಸಾರೋಟಿನೊಳಗೆ ನಿಕೀಫೊರ್ ಲುಕಿಚ್‌ಗೆ ಊರನ್ನು ತೋರಿಸುತ್ತಿದ್ದುದು ಬಾಗಿಲ ಚೌಕಟ್ಟು ಒಂದೇ. ಅದರಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ವೈಲೆನ್‌ಬುರ್ಗ್. ಎಡಕ್ಕೆ ಮನೆಗಳು, ಉಲ್ಯಾನಾ ಹೇಳಿದ ಹಾಗೆಯೇ ಒಂದರ ತಲೆಯ ಮೇಲೊಂದು, ಬೆಂಕಿ ಬಿದ್ದರೂ ಸುಡದ ಕಲ್ಲಿನವು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಬೇಲಿಯಿಲ್ಲ, ಒಂದೇ ಗೋಡೆ. ಬೇಲಿಯೇ ಇಲ್ಲದ ಮೇಲೆ ಇವರು ಯಾವುದರ ಮೇಲೆ ಜಗಳ ಆಡುತ್ತಾರೋ! ಕಿಟಕಿಗಳಲ್ಲಿ ಕುಂಡ, ಕುಂಡದಲ್ಲಿ ಹೂವು. ಬೀದಿಗೆ ಕಲ್ಲು ಹಾಸಿ ಗುಡಿಸಿದ್ದರು. ಹಂದಿ ಹಾಯಲು ನಾಚಿಕೊಳ್ಳಬೇಕು, ಅಷ್ಟು ಚೊಕ್ಕಟ. ಬಲಕ್ಕೆ ಗೋಪುರದ ದೊಡ್ಡ ಗಡಿಯಾರ, ಅರ್ಧ ಮಾತ್ರ. ಗಂಟೆಯಾದಾಗ ತಾಮ್ರದಲ್ಲಿ ಮಾಡಿದ ಒಬ್ಬ ಕಮ್ಮಾರ ಹೊರಗೆ ಬಂದು ಗಂಟೆ ಬಾರಿಸುತ್ತಿದ್ದ. ಚೌಕಟ್ಟಿನಲ್ಲಿ ಅವನ ಕೈ ಮತ್ತು ಸುತ್ತಿಗೆ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ.

"ಸವ್ವಾ, ಒಂಚೂರು ಬಗ್ಗಿ ಆ ಕಮ್ಮಾರನ ಮುಖ ನೋಡ್ಲಾ?"

"ಬೇಡಿ. ಬಗ್ಗಿದ್ರೆ ಬೀಳ್ತೀರಿ. ಬಿದ್ರೂ ಇಳಿದ ಹಾಗೇ!"

ನಡುವೆ ಕಾರಂಜಿ. ಅದರ ಮೇಲೆ ತಾಮ್ರದ ಹೆಂಗಸೊಬ್ಬಳು ಕೊಡದಿಂದ ನೀರು ಸುರಿಯುತ್ತ ನಿಂತಿದ್ದಳು. ಕೊಡವೊಂದನ್ನು ಬಿಟ್ಟರೆ ಮೈಮೇಲೆ ಬೇರೇನೂ ಇರಲಿಲ್ಲ. ಸಾರೋಟಿನ ಮೂಲೆಯಲ್ಲಿದ್ದ ಪಾದ್ರಿ ಪಖೋಮಿ ಅವಳನ್ನು ನೋಡಿದವರೇ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡರು. "ಶಿವನೇ" ಎನ್ನುವ ಜಾಗದಲ್ಲಿ ಅವರು ಏನನ್ನುತ್ತಾರೋ ಅದನ್ನು ಅಂದು, ಆ ಕಡೆಯ ಚರ್ಮದ ಪರದೆ ಎಳೆದರು. ಅಲ್ಲಿಗೆ ನಿಕೀಫೊರ್ ಲುಕಿಚ್‌ನ ಪಾಲಿನ ವೈಲೆನ್‌ಬುರ್ಗ್ ಇನ್ನೂ ಅಷ್ಟು ಸಣ್ಣದಾಯಿತು.

ನೀರು ಸುರಿಯುವ ಸದ್ದನ್ನು ಪರದೆ ತಡೆಯಲಿಲ್ಲ. ಅದೇ ನಿಕೀಫೊರ್ ಲುಕಿಚ್‌ನ ಪ್ರಾಣಕ್ಕೆ ಬಂತು.

"ಸವ್ವಾ, ನಂಗಿನ್ನು ಆಗಲ್ಲ."

"ದೊರೆಯ ಮಾನ, ಧಣೀ."

"ದೊರೆ ಕ್ವಾಸ್ ಕುಡಿದಿಲ್ಲ ಕಣಯ್ಯಾ, ನಾನು ಕುಡಿದಿದೀನಿ!"

ಕೊನೆಗೆ ದಾರಿ ತೋರಿಸಿದವರು ಪಾದ್ರಿ ಪಖೋಮಿ. ಕಾಲಡಿಯಲ್ಲಿ ಕ್ವಾಸ್‌ನ ಪುಟ್ಟ ಪೀಪಾಯಿ ಖಾಲಿ ಬಿದ್ದಿತ್ತು. ಪರದೆಗಳನ್ನೆಲ್ಲ ಇಳಿಬಿಟ್ಟರು. ಸದ್ದು ಹೊರಗೆ ಕೇಳಿಸಬಾರದಲ್ಲ, ಪಖೋಮಿ ಗೋಡೆಯ ಕಡೆ ತಿರುಗಿ, ಗುಡುಗಿನಂಥ ದನಿಯಲ್ಲಿ ಒಂದು ಕೀರ್ತನೆ ಎತ್ತಿದರು. ಬಹಳ ಉದ್ದನೆಯ ಕೀರ್ತನೆಯನ್ನೇ ಆರಿಸಿದ್ದರು. ಅದಕ್ಕಾಗಿ ನಿಕೀಫೊರ್ ಲುಕಿಚ್ ಸಾಯುವ ತನಕ ಅವರನ್ನು ನೆನೆದ. ಚೌಕದಲ್ಲಿ ನೆರೆದ ಜನ ಮುಚ್ಚಿದ ಸಾರೋಟಿನಿಂದ ಏಳುತ್ತಿದ್ದ ಆ ಭಕ್ತಿಯ ನಾದ ಕೇಳಿ, ಒಬ್ಬೊಬ್ಬರಾಗಿ ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು. ಎದುರಿನ ಸಾರೋಟಿನಲ್ಲಿ ಮೇಯರನೂ ಟೋಪಿ ತೆಗೆದ.

ಪರದೆ ಮತ್ತೆ ಮೇಲೆದ್ದಾಗ ಊರಿಗೆ ಊರೇ ಅಲ್ಲಿತ್ತು. ಇಳಿಯಲು ಮೆಟ್ಟಿಲು ಎತ್ತರವಾಯಿತೇನೋ ಎಂದು ಯಾರೋ ಒಂದು ಮಣೆ ತಂದಿಟ್ಟರು. ಸವ್ವಾ ಅದನ್ನು ಕೋಲಿನಿಂದ ನೂಕಿದ. ಇನ್ಯಾರೋ ಏಣಿ ತಂದರು. "ನೋಡಿ, ನೋಡಿ, ಹ್ಯಾಗಾದ್ರೂ ಮಾಡಿ ಇಳಿಸ್ಬೇಕು ಅಂತ ನಿಂತಿದಾರೆ," ಎಂದ ಸವ್ವಾ. ದಪ್ಪ ತೋಳಿನ ಒಬ್ಬ ಹೆಂಗಸು ಹಬೆಯಾಡುವ ಸಾಸೇಜು ತಟ್ಟೆಯಲ್ಲಿಟ್ಟು ತಂದಳು. ಅಂದು ಬುಧವಾರ, ಉಪವಾಸದ ದಿನ. ಮಾಂಸ ಮುಟ್ಟುವಂತಿಲ್ಲ. ನಿಕೀಫೊರ್ ಲುಕಿಚ್ ಕಣ್ಣಿನಲ್ಲಿ ನೀರು ತಂದುಕೊಂಡು ತಲೆಯಲ್ಲಾಡಿಸಿದ. ಹೆಂಗಸು ಬೊಗ್ದಾನನಿಗೆ ಏನೋ ಹೇಳಿ ಹೋದಳು.

"ಏನಂದ್ಳು?"

"ಪಾಪ, ಮನೆ ನೆನಪಾಗಿ ಅಳ್ತಿದಾರೆ, ಅವರ ಪಾಡಿಗೆ ಬಿಡಿ ಅಂದ್ಳು ಧಣಿ."

ಅದೂ ಸುಳ್ಳೇನಲ್ಲ ಎನ್ನಿಸಿತು ನಿಕೀಫೊರ್ ಲುಕಿಚ್‌ಗೆ. ಒಣಮೀನು ಕಚ್ಚುತ್ತ ಹೊರಗೆ ನೋಡಿದ. ಮೇಯರ್ ತನ್ನ ಬಿಯರ್ ಮಗ್ ಎತ್ತಿ ಅವನ ಕಡೆ ತೋರಿಸಿ, ಕುಡಿಯದೆ ಹಾಗೇ ಕೆಳಗಿಟ್ಟ. ಅವನ ಸಾರೋಟಿನಲ್ಲಿ ಖಾಲಿ ಪೀಪಾಯಿ ಇಲ್ಲವೇನೋ, ಎಂದುಕೊಂಡ ನಿಕೀಫೊರ್ ಲುಕಿಚ್. ಸವ್ವಾ ಬೇರೆ ಕಡೆ ತಿರುಗಿದ್ದಾಗ ತಾನೂ ಒಣಮೀನನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. ಮೇಯರ್ ನಕ್ಕ. ಆ ನಗೆಯಲ್ಲಿ ಕುಟಿಲವಿತ್ತೋ ಏನೋ, ಇವನಿಗಂತೂ ಕಾಣಲಿಲ್ಲ.

ಹೊತ್ತು ನೆತ್ತಿಗೇರಿದ ಮೇಲೆ ಪಕ್ಕದ ಓಣಿಯ ಬಡಗಿಯ ಕೊಟ್ಟಿಗೆಯಿಂದ ಠಕ್ ಠಕ್ ಸದ್ದು ಶುರುವಾಯಿತು. ಬಾಗಿಲ ಮುಂದೆ ಒಂದು ವಿಚಿತ್ರ ಸಾಮಾನು ನಿಂತಿತ್ತು. ಆಳೆತ್ತರದ ಬೀರು, ಮೈಗೆಲ್ಲ ಚಿನ್ನದ ಬಣ್ಣ, ಪುಟ್ಟ ಕಿಟಕಿ, ಪಕ್ಕದಲ್ಲಿ ಉದ್ದನೆಯ ಬೊಂಬು. ಇನ್ನೊಂದು ಬೊಂಬು ಮುರಿದು ಬಡಗಿಯ ಕೈಯಲ್ಲಿತ್ತು.

"ಅದೇನು ಪಾದ್ರಿಗಳೇ?"

ಪಖೋಮಿ ಕಣ್ಣು ಕಿರಿದು ಮಾಡಿ ನೋಡಿದರು. "ಸಂತರನ್ನ ಕೂರ್ಸೋ ಗೂಡು ಕಣಪ್ಪಾ. ಉತ್ಸವಕ್ಕೆ ಹೊತ್ಕೊಂಡು ಹೋಗ್ತಾರೆ."

"ಒಳಗೆ ಸಂತರೇ ಇಲ್ವಲ್ಲ. ಬರೀ ದಿಂಬಿದೆ."

"ಲೂಥರ್ ಮತದೋರಿಗೆ ಸಂತರೆಲ್ಲಿಂದ ಬರ್ಬೇಕು? ಎಲ್ಲರನ್ನೂ ಓಡ್ಸಿಬಿಟ್ರು. ಗೂಡು ಉಳ್ಕೊಂಡಿದೆ, ಪಾಪ."

ಖಾಲಿ ಗೂಡಿನ ಮೇಲೆ ಕನಿಕರ ಹುಟ್ಟಿ, ನಿಕೀಫೊರ್ ಲುಕಿಚ್ ಅದರ ಕಡೆಗೂ ಒಂದು ಸಲ ಶಿಲುಬೆಯ ಗುರುತು ಹಾಕಿದ. ಸವ್ವಾ ಬರೆದುಕೊಂಡ: ಈ ಊರಿನ ಜನ ಖಾಲಿ ಬೀರುವನ್ನು ಪೂಜಿಸುತ್ತಾರೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಸವ್ವಾನ ತಲೆಗೆ ಒಂದು ಯೋಚನೆ ಹೊಳೆಯಿತು. ಎರಡೂ ಸಾರೋಟುಗಳನ್ನು ಅಕ್ಕಪಕ್ಕ ತಂದು ನಿಲ್ಲಿಸುವುದು, ಎದುರು ಬದುರು ಬಾಗಿಲಿನಿಂದ ಇಬ್ಬರೂ ಒಟ್ಟಿಗೆ ಇಳಿಯುವುದು. ಬೊಗ್ದಾನ್ ಹೋಗಿ ಹೇಳಿದ. ಮೇಯರ್ ತಲೆಯಾಡಿಸಿದ, ಒಪ್ಪಿದನೋ ಹೆದರಿದನೋ ತಿಳಿಯಲಿಲ್ಲ. ಕುದುರೆಗಳನ್ನು ಹೊಡೆದರು. ಎರಡು ಸಾರೋಟುಗಳು ಎಷ್ಟು ಹತ್ತಿರ ಬಂದವೆಂದರೆ ಬಾಗಿಲಿಗೆ ಬಾಗಿಲು ಅಂಟಿಕೊಂಡಿತು. ಈಗ ಮೇಯರನೂ ಇಳಿಯುವಂತಿಲ್ಲ, ರಾಯಭಾರಿಯೂ ಇಳಿಯುವಂತಿಲ್ಲ.

"ಹಿಂದಕ್ಕೆ ತಗೊಳ್ಳೋ!" ಸವ್ವಾ ಕೂಗಿದ.

ಸಾರಥಿ ಹಿಂದಕ್ಕೆ ತೆಗೆದುಕೊಂಡ, ಬೇಕಾದ್ದಕ್ಕಿಂತ ಜಾಸ್ತಿಯೇ ತೆಗೆದುಕೊಂಡ. ಹಿಂದಿನ ಚಕ್ರ ಕಾರಂಜಿಯ ಕಟ್ಟೆ ಹತ್ತಿತು. ಸಾರೋಟು ಬಾಗಿಲ ಕಡೆಗೆ ವಾಲಿತು. ನಿಕೀಫೊರ್ ಲುಕಿಚ್ ಸೀಟಿನಿಂದ ಜಾರಿ ಬಾಗಿಲಿನತ್ತ ಹೊರಟ.

"ಹಿಡೀರಿ! ಬಿದ್ರೂ ಇಳಿದ ಹಾಗೇ!"

ಸವ್ವಾ ಅವನ ನಡುಪಟ್ಟಿ ಹಿಡಿದ, ಪಖೋಮಿ ಸವ್ವಾನನ್ನು ಹಿಡಿದರು. ಪರದೆ ಕಿತ್ತುಬಂದು ತಾಮ್ರದ ಹೆಂಗಸು ಮೂಗಿನ ನೇರಕ್ಕೆ ಪ್ರತ್ಯಕ್ಷಳಾದಳು. ಕೊಡದ ನೀರು ಸೀದಾ ರಾಯಭಾರಿಯ ಗಡ್ಡದ ಮೇಲೆ.

"ಅವಳು ಇನ್ನೂ ಇದಾಳಾ?" ಪಖೋಮಿ ಬಿಗಿಯಾಗಿ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇದಾಳೆ ಪಾದ್ರಿಗಳೇ. ಸ್ನಾನ ಮಾಡಿಸ್ತಿದಾಳೆ," ಎಂದ ನಿಕೀಫೊರ್ ಲುಕಿಚ್.

ಊರಿನವರೇ ಹೆಗಲು ಕೊಟ್ಟು ಸಾರೋಟನ್ನು ನೇರ ಮಾಡಿದರು. ಅದು ಮೊದಲಿದ್ದ ಜಾಗಕ್ಕೇ ಬಂದು ನಿಂತಿತು. ಕಮ್ಮಾರನ ಕೈ ಮತ್ತು ಸುತ್ತಿಗೆ ಮತ್ತೆ ಚೌಕಟ್ಟಿನಲ್ಲಿ ಕಾಣಿಸಿತು, ಮುಖ ಮತ್ತೆ ಕಾಣಿಸಲಿಲ್ಲ. ನಿಕೀಫೊರ್ ಲುಕಿಚ್‌ಗೆ ಅಳು ಬರುವಂತಾಯಿತು. ಹೆಂಡತಿಗೆ ಆಣೆ ಮಾಡಿ, ತಿಂಗಳುಗಟ್ಟಲೆ ನಡು ಮುರಿದುಕೊಂಡು ಬಂದು, ಈಗ ಒಂದು ಊರನ್ನು ಇಲಿ ಬಿಲದಿಂದ ನೋಡಿದ ಹಾಗೆ ನೋಡಬೇಕೆ? ಉಲ್ಯಾನಾ ಕೇಳಿದರೆ ಏನೆಂದು ಹೇಳುವುದು? ಒಂದು ಕೈ, ಒಂದು ಸುತ್ತಿಗೆ ಎಂದೇ?

ಸಂಜೆಯಾಗುತ್ತ ಬಂತು. ಬಡಗಿಯ ಠಕ್ ಠಕ್ ನಿಂತಿತು. ಆಗ ಮೇಯರನೇ ಮೊದಲ ಸಲ ಹೇಳಿ ಕಳಿಸಿದ. ಗಡಿಯಾರ ಆರು ಹೊಡೆಯುತ್ತದೆ, ಆರನೆಯ ಪೆಟ್ಟಿಗೆ ಸರಿಯಾಗಿ ಇಬ್ಬರೂ ಸಾರೋಟು ಬಿಡೋಣ, ಆಗಬಹುದೇ?

"ಆಗ್ಬಹುದು ಅನ್ನು," ಎಂದ ಸವ್ವಾ. ಬೊಗ್ದಾನ್ ಅತ್ತ ಹೋದ ಮೇಲೆ ಧಣಿಯ ಕಿವಿಗೆ ಬಾಯಿಟ್ಟ. "ಆದ್ರೆ ನೀವು ಪೂರ್ತಿ ಇಳೀಬೇಡಿ. ಬಾಗಿಲ ಮೇಲಿನ ಪಟ್ಟಿ ಹಿಡ್ಕೊಂಡು ಜೋತುಬೀಳಿ. ಕಾಲು ನೆಲಕ್ಕಿಂತ ಒಂದು ಬೆರಳು ಮೇಲಿರ್ಲಿ. ಅವನ ಕಾಲು ತಾಗಿದ್ದು ನೋಡ್ಕೊಂಡು ಆಮೇಲೆ ಬಿಡಿ."

"ನಾನಾ? ಜೋತು? ನನ್ ಹೊಟ್ಟೆ ನೋಡಿದೀಯಾ ಸವ್ವಾ?"

"ಫ್ರೋಲ್ ಧಣಿಗಳ ಬೆನ್ನು ನೋಡಿದೀನಿ."

ನಿಕೀಫೊರ್ ಲುಕಿಚ್ ಎರಡೂ ಕೈಯಿಂದ ಪಟ್ಟಿ ಹಿಡಿದುಕೊಂಡ.

ಗಡಿಯಾರ ಹೊಡೆಯತೊಡಗಿತು. ಆರನೆಯ ಪೆಟ್ಟು ಬಿತ್ತು, ಮಾಸ್ಕೋದ ರಾಯಭಾರಿ ಒಣಹಾಕಿದ ಕೋಟಿನ ಹಾಗೆ ಸಾರೋಟಿನ ಬಾಗಿಲಿನಿಂದ ತೂಗಾಡಿದ. ಅವನ ತಲೆ ಈಗ ಹೊರಗಿತ್ತು. ಸ್ವಲ್ಪ ಕತ್ತೆತ್ತಿದರೆ ಸಾಕು, ಕಮ್ಮಾರ ಇಡಿಯಾಗಿ ಕಾಣುತ್ತಿದ್ದ.

"ಕೆಳಗೆ ನೋಡಿ ಧಣೀ! ಅವನ ಕಾಲು! ಅವನ ಕಾಲು!"

ನಿಕೀಫೊರ್ ಲುಕಿಚ್ ಕೆಳಗೆ ನೋಡಿದ. ಮೇಯರನ ಸಾರೋಟಿನ ಬಾಗಿಲು ತೆರೆದಿತ್ತು. ಕೆಳಗೆ ನೆಲ ಖಾಲಿ. ಕಾಲಿನ ಸುಳಿವಿಲ್ಲ. ಅದರ ಬದಲು ಇಬ್ಬರು ಆಳುಗಳು ಆ ಚಿನ್ನದ ಬಣ್ಣದ ಸಂತರ ಗೂಡನ್ನು ಹೊತ್ತು ತಂದು ಬಾಗಿಲಿಗೆ ಆನಿಸಿದರು. ಮೇಯರನ ಟೋಪಿ ಆ ಗೂಡಿನೊಳಗೆ ಹೋಯಿತು. ಹಿಂದೆಯೇ ಸರಪಳಿ ಹೋಯಿತು, ಕಂಬಳಿ ಹೋಯಿತು. ಈಗ ಕಾಲು ಬರುತ್ತದೆ ಎಂದುಕೊಂಡ ನಿಕೀಫೊರ್ ಲುಕಿಚ್. ಬೆರಳು ಜಾರುತ್ತಿತ್ತು. ಈಗ ಬಂತು, ಇನ್ನೇನು ಬಂತು... ಆಳುಗಳು ಬೊಂಬು ಹೆಗಲಿಗೇರಿಸಿದರು. ಗೂಡು ನೆಲಬಿಟ್ಟು ಮೇಲೆದ್ದಿತು.

ಅದು ಮೇನೆಯಾಗಿತ್ತು.

ಪಟ್ಟಿ ಕಿತ್ತುಬಂತು. ನಿಕೀಫೊರ್ ಲುಕಿಚ್ ಧೊಪ್ಪನೆ ಬಿದ್ದ. ಚಕ್ರಗಳು ಹಾಸುಗಲ್ಲು ಕಿತ್ತಿದ್ದಲ್ಲಿ ಕಾರಂಜಿಯ ನೀರು ನಿಂತ ಕೆಸರಿನಲ್ಲಿ ಎರಡೂ ಬೂಟುಗಳು ಹಿಮ್ಮಡಿಯ ತನಕ ಹೂತುಕೊಂಡವು.

ಮೇನೆ ತೂಗಾಡುತ್ತ ಬಂದು ಅವನೆದುರಿಗೆ ನಿಂತಿತು. ಮೇಯರ್ ಪುಟ್ಟ ಕಿಟಕಿಯಿಂದ ಎರಡೂ ಕೈ ಚಾಚಿ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. ಪಿಸುದನಿಯಲ್ಲಿ ಏನೇನೋ ಹೇಳತೊಡಗಿದ. ಬೊಗ್ದಾನ್ ಅಷ್ಟೇ ಮೆಲ್ಲಗೆ ಧಣಿಯ ಕಿವಿಗೆ ತಲುಪಿಸಿದ.

"ಕ್ಷಮಿಸ್ಬೇಕು ಅಂತಾರೆ. ಕಾಲಿಗೆ ವಾತ ಬಂದು ಊದಿಕೊಂಡಿದೆಯಂತೆ, ನೆಲಕ್ಕಿಟ್ರೆ ಜೀವ ಹೋಗುತ್ತಂತೆ. ಬೆಳಗ್ಗೆ ಮೇನೆಯ ಬೊಂಬು ಮುರೀತಂತೆ. ಇಷ್ಟು ಜನರ ಮುಂದೆ ಹೇಳೋಕಾಗ್ಲಿಲ್ಲ. ನಾಳೆ ಊರಿನ ಸಭೆ ಇದೆ, ಇವರಿಗೆ ಕಾಲಿಲ್ಲ, ಇವರನ್ನ ತೆಗೀಬೇಕು ಅಂತ ಉಣ್ಣೆ ವ್ಯಾಪಾರಿ ಒಬ್ಬ ಹೊಂಚು ಹಾಕ್ತಿದಾನಂತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ ಅಂತಾರೆ."

ಕಂಬಳಿಯ ಅಂಚಿನಲ್ಲಿ ಬಟ್ಟೆ ಸುತ್ತಿದ ಪಾದ ಇಣುಕುತ್ತಿತ್ತು, ಕುಂಬಳಕಾಯಿಯಷ್ಟು ದಪ್ಪ.

"ಇನ್ನೂ ಏನೋ ಹೇಳ್ತಿದಾರೆ ಧಣಿ. ನಾನು ಇಳಿಯೋಕಾಗೋ ತನಕ ತಾನೂ ಇಳಿಯಲ್ಲ ಅಂತ ದಿನವಿಡೀ ನನಗೋಸ್ಕರ ಕಾದ್ರಲ್ಲ, ಇಂಥ ದೊಡ್ಡ ಮನಸ್ಸಿನೋರನ್ನ ನಾನು ಕಂಡಿಲ್ಲ ಅಂತಾರೆ."

ನಿಕೀಫೊರ್ ಲುಕಿಚ್‌ಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಹೆಚ್ಚು ಯಾವುದಾಯಿತು ಎಂದು ಅವನಿಗೇ ತಿಳಿಯಲಿಲ್ಲ. ಬೆಳಗಿನಿಂದ ಗುದ್ದಾಡಿದ್ದು ಈ ಪಾಪದ ಪಾದದ ಜೊತೆಗೆ! ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ, "ಯಾರಿಗೂ ಹೇಳಲ್ಲ, ದೇವರಾಣೆ," ಎಂದ. 'ಎದುರಿನವನಿಗೆ ಕಾಲೇ ಊರಲಾಗುತ್ತಿರಲಿಲ್ಲ' ಎಂಬ ಒಂದೇ ಮಾತು ಮಾಸ್ಕೋದಲ್ಲಿ ತನ್ನ ಬೆನ್ನು ಉಳಿಸಬಲ್ಲದು ಎಂಬುದು ಆಣೆ ಮಾಡಿದ ಮರುಕ್ಷಣ ಹೊಳೆಯಿತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಸಾರೋಟಿನ ಮರೆಯಿಂದ ಸವ್ವಾ ಬಂದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಅವನು ಇಳೀಲಿಲ್ಲ," ಎಂದ. "ನೀವಿಳಿದ್ರಿ. ಗಾಳೀಲೇ ಹೋಗಿಬಿಟ್ಟ, ಕಳ್ಳ! ಕಾಲೇ ತಾಗಿಸ್ಲಿಲ್ಲ! ಏನು ಪಿಸುಗುಟ್ತಿದ್ದ?"

"ಹವಾ ಚೆನ್ನಾಗಿದೆ ಅಂದ," ಎಂದ ನಿಕೀಫೊರ್ ಲುಕಿಚ್. "ಬರ್ಕೋ ಸವ್ವಾ, ಇಳಿದೆ ಅಂತ. ನನ್ ಹಣೇಬರಹ."

ಸವ್ವಾ ಲೇಖನಿ ಎತ್ತಿದ. ಮತ್ತೆ ನಿಲ್ಲಿಸಿದ. ಏನೋ ಲೆಕ್ಕ ಹಾಕುವವನ ಹಾಗೆ ತುಟಿ ಅಲ್ಲಾಡಿತು. ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ಹೋಗಿ ತನ್ನದೇ ಬೆನ್ನನ್ನು ಸವರಿಕೊಂಡಿತು.

"ಧಣೀ, ಬಿದ್ದಿದ್ದು ಇಳಿದ ಹಾಗಲ್ಲ."

"ಬೆಳಗ್ಗೆಯಿಂದ ಬಿದ್ರೂ ಇಳಿದ ಹಾಗೇ ಅಂತ ಬಡ್ಕೊಂಡೆಯಲ್ಲೋ!"

"ಬೆಳಗ್ಗೆ ನಾನು ನಿಮ್ ಬೆನ್ನಿನ ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ. ಗುಮಾಸ್ತ ಪಕ್ಕದಲ್ಲೇ ಇದ್ದೂ ಯಾಕೆ ತಡೀಲಿಲ್ಲ ಅಂತ ಮಾಸ್ಕೋದಲ್ಲಿ ಕೇಳಲ್ವಾ?" ಸವ್ವಾ ಲೇಖನಿಯನ್ನು ಕಿವಿಗೆ ಸಿಕ್ಕಿಸಿದ. "ಇದು ಬರೀ ಬೀದಿ. ಭೇಟಿ ಆಗೋದು ಪುರಸಭೆಯ ಬಾಗಿಲಲ್ಲಿ. ಅಲ್ಲಿ ಯಾರು ಮೊದ್ಲು ನೆಲಕ್ಕೆ ಕಾಲಿಡ್ತಾರೆ ಅನ್ನೋದೇ ಲೆಕ್ಕ. ಇನ್ನು ಅಲ್ಲೀ ತನಕ ನಿಮ್ ಕಾಲು ನೆಲ ಮುಟ್ಟಕೂಡ್ದು. ಬೊಗ್ದಾನ್! ನಮಗೂ ಅಂಥದ್ದೇ ಒಂದು ಬೀರು ಬೇಕು ಅಂತ ಹೇಳು!"

ಮೇಯರ್ ಖುಷಿಯಿಂದ, ಆಗತಾನೆ ತವರಿನಿಂದ ಮರಳಿದ್ದ ತನ್ನ ಹೆಂಡತಿಯ ಮೇನೆ ತರಿಸಿದ. ಆಕೆ ಸಣಕಲು ಹೆಂಗಸು, ಮೇಲಾಗಿ ಬಿಸಿಲು ಆಗದವಳು. ಮೇನೆಯ ಸುತ್ತ ದಪ್ಪ ಮಖಮಲ್ಲಿನ ಪರದೆ ಹೊಲಿಸಿ, ಉಸಿರಾಡುವುದಕ್ಕೆ ಅಂಗೈಯಗಲದ ಒಂದು ಕಿಂಡಿ ಬಿಡಿಸಿದ್ದಳು. ಸವ್ವಾ, ಪಖೋಮಿ ಇಬ್ಬರೂ ಸೇರಿ ರಾಯಭಾರಿಯನ್ನು ಕೆಸರಿನಿಂದ ಎತ್ತಿ ಅದರೊಳಗೆ ತುರುಕಿ, ಮೊಣಕಾಲು ಮಡಚಿ, ಬಾಗಿಲು ಒತ್ತಿ ಮುಚ್ಚಿದರು.

ಮೇನೆಗಳು ಹೊರಟವು. ಪರದೆಯಾಚೆ ವೈಲೆನ್‌ಬುರ್ಗ್ ಸರಿದುಹೋಗುತ್ತಿತ್ತು. ಬಿಸಿ ಬ್ರೆಡ್ಡಿನ ವಾಸನೆ ಬಂತು, ಅದು ಬೇಕರಿಯಿರಬೇಕು. ಯಾರೋ ಹಾಡಿದರು, ಅದು ಇಗರ್ಜಿಯೋ ಹೆಂಡದಂಗಡಿಯೋ. ಹೊರುವವರ ಬೂಟು ಟಕಟಕ ಎಂದಿತು, ಅದು ಸೇತುವೆ. "ಅಯ್ಯೋ ದೇವ್ರೇ, ಎಂಥಾ ಸೊಗಸು! ನಿಕೀಫೊರ್ ಲುಕಿಚ್, ನೋಡಿದ್ಯೇನಪ್ಪಾ?" ಎಂದು ಪಖೋಮಿ ಪಕ್ಕದಲ್ಲಿ ನಡೆಯುತ್ತ ಬೆರಗಿನಿಂದ ಕೂಗಿದರು. ಯಾವುದನ್ನು ಎಂದು ನಿಕೀಫೊರ್ ಲುಕಿಚ್‌ಗೆ ತಿಳಿಯಲಿಲ್ಲ. ಕಿಂಡಿಯಲ್ಲಿ ಕಾಣುತ್ತಿದ್ದುದು ಮುಂದಿನ ಆಳಿನ ಬೆನ್ನು.

ಕೊನೆಗೆ ಮೇನೆ ನಿಂತಿತು. ಪುರಸಭೆಯ ಮೆಟ್ಟಿಲುಗಳು ಕಡಿದಾಗಿದ್ದವು, ಇಕ್ಕಟ್ಟಾಗಿದ್ದವು, ಹಾವಿನ ಹಾಗೆ ಸುತ್ತಿಕೊಂಡು ಮೇಲೆ ಹೋಗಿದ್ದವು. ಮೇನೆ ಹತ್ತುವ ಮಾತೇ ಇಲ್ಲ. ಹೊರುವವರು ಎರಡು ಮೇನೆಗಳನ್ನೂ ಬಾಗಿಲಿಗೆ ಎದುರಾಗಿ, ಅಕ್ಕಪಕ್ಕ ಇಳಿಸಿ ಬೆವರೊರೆಸಿಕೊಂಡರು. ಊರಿನ ಜನವೆಲ್ಲ ಹಿಂದೆಯೇ ಬಂದು ಸುತ್ತ ನಿಂತರು. ಎಲ್ಲರಿಗಿಂತ ಮುಂದೆ, ಕೈಕಟ್ಟಿಕೊಂಡು, ಉಣ್ಣೆಯ ಕೋಟು ತೊಟ್ಟ ಒಬ್ಬ ವ್ಯಾಪಾರಿ.

ಪಕ್ಕದ ಮೇನೆಯಿಂದ ಮೇಯರನ ದನಿ ಕೇಳಿತು. ಬೆಳಗ್ಗೆ ಹೇಳಿಕಳಿಸಿದ ಮಾತುಗಳೇ. ಬೊಗ್ದಾನ್ ಬಗ್ಗಿ ಕಿಂಡಿಗೆ ಬಾಯಿಟ್ಟ.

"ಸ್ವಲ್ಪ ಕೂತಿರಿ, ಈಗ ಬಂದೆ ಅಂತಾರೆ ಧಣಿ. ಜನ ಮನೆಗೆ ಹೋಗ್ಲಿ ಅಂತ ಕಾಯ್ತಿದಾರೆ."

ಕಿಂಡಿಯಲ್ಲಿ ಬೊಗ್ದಾನನ ಮುಖ ಹೋಗಿ ಸವ್ವಾನ ಮುಖ ಬಂತು.

"ಅವನು ಇಳಿಯೋ ತನಕ ಅಲ್ಲಾಡ್ಬೇಡಿ ಧಣೀ. ಈ ಸಲ ನಾವೇ ಗೆಲ್ತೀವಿ."

ನಿಕೀಫೊರ್ ಲುಕಿಚ್ ಹೇಳಬೇಕೆಂದು ಬಾಯಿ ತೆರೆದ. ಬಟ್ಟೆ ಸುತ್ತಿದ ಆ ಪಾದ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡ. ಸೇತುವೆಯ ಹತ್ತಿರ ಯಾರೋ ಪುಣ್ಯಾತ್ಮರು ಕಿಂಡಿಯಿಂದ ಒಂದು ಉದ್ದನೆಯ ಮಗ್ ಬಿಯರ್ ಒಳಗೆ ಕೊಟ್ಟಿದ್ದರು, ದಣಿವಿಗೆ ಅದನ್ನು ಗಟಗಟನೆ ಕುಡಿದೂ ಆಗಿತ್ತು. ಅದೀಗ ತನ್ನ ಇರವನ್ನು ತಿಳಿಸತೊಡಗಿತು.

"ಸವ್ವಾ," ಎಂದ ಸೋತ ದನಿಯಲ್ಲಿ, "ಸಾರೋಟಿಂದ ಆ ಪೀಪಾಯಿ ತರ್ಸು. ಪಾದ್ರಿಗಳಿಗೆ ಕೀರ್ತನೆ ಶುರುಮಾಡೋಕೆ ಹೇಳು. ಉದ್ದದ್ದು."

ಪಖೋಮಿ ಗಂಟಲು ಸರಿಮಾಡಿಕೊಂಡು ಗುಡುಗಿದರು. ಸಂಜೆಯ ಬೆಳಕಿನಲ್ಲಿ ವೈಲೆನ್‌ಬುರ್ಗಿನ ಜನರೆಲ್ಲ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಉಣ್ಣೆಯ ಕೋಟಿನವನೂ ತೆಗೆದ. ಪಕ್ಕದ ಮೇನೆಯಲ್ಲಿ ಮೇಯರ್ ಕಣ್ಣೊರೆಸಿಕೊಂಡು, ಇಷ್ಟು ದೈವಭಕ್ತಿಯುಳ್ಳ ಜನರನ್ನು ತಾನು ಜನ್ಮದಲ್ಲಿ ಕಂಡಿರಲಿಲ್ಲವೆಂದುಕೊಂಡು, ತಾನೂ ಮೆಲ್ಲಗೆ ದನಿಗೂಡಿಸಿದ.